ಸೋಮಣ್ಣನ ಮೊಣಕಾಲು

ಮದುವೆಯಾಗಿ ಇಷ್ಟು ವರ್ಷವಾಯಿತು, ನನ್ನ ಹೆಂಡತಿ ಕೊಟ್ರಮ್ಮ ಕೇಳದೆಯೇ ನನ್ನ ತಟ್ಟೆಗೆ ಹೋಳಿಗೆ ಹಾಕಿದ್ದು ನೆನಪಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲಂತೂ ಕೇಳಿದರೂ ಹಾಕುವುದಿಲ್ಲ. ಅಂಥವಳು ಘಾನಾ ದೇಶದಿಂದ ಬಂದ ಒಬ್ಬ ಫುಟ್‌ಬಾಲ್ ಆಟಗಾರನಿಗೆ ಮೊದಲ ದಿನವೇ ಬುಟ್ಟಿ ಖಾಲಿಯಾಗುವ ತನಕ ಬಡಿಸಿದಳು. ಅವರ ಕಡೆ ತಟ್ಟೆಯಲ್ಲಿ ಬಿಟ್ಟರೆ ಬಡಿಸಿದವರಿಗೆ ಅವಮಾನವಂತೆ. ನಮ್ಮ ಕಡೆ ತಟ್ಟೆ ಬರಿದಾಗಲು ಬಿಟ್ಟರೆ ಬಡಿಸುವವರಿಗೆ ಅವಮಾನ. ಅವನು ಬಳಿದು ತಿನ್ನುವುದು, ಇವಳು ಹಾಕುವುದು, ಅವನು ಮತ್ತೆ ತಿನ್ನುವುದು. ಅವನ ಹಣೆಯ ಮೇಲೆ ಬೆವರು ಮೂಡಿತು. ಕಡೆಗೆ ನಾನೇ ಗದರಿದೆ.

"ಸಾಕು ಅನ್ನಪ್ಪಾ! ಬಾಯಿ ಬಿಟ್ಟು ಸಾಕು ಅನ್ನು. ಇಲ್ಲಾಂದ್ರ ಈಕಿ ನಿನ್ನ ಬಿಡಂಗಿಲ್ಲ."

ಅವನು ಕಲಿತ ಮೊದಲ ಕನ್ನಡ ಮಾತು ಅದೇ, ಸಾಕು. ಕಲಿತನೇ ಹೊರತು ಬಳಸಲಿಲ್ಲ. ನಕ್ಕು ತಟ್ಟೆ ಮುಂದೆ ಹಿಡಿದ.

ನಾನು ಜಂಬುನಾಥ. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು. ನಿವೃತ್ತಿಯಾದರೂ ಕೊರಳಿನ ಸೀಟಿ ತೆಗೆದಿಲ್ಲ, ಮೂಗಿನ ತುದಿಯ ಸಿಟ್ಟೂ ಇಳಿದಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರ ದೊಡ್ಡಬಸವರಾಜ 'ತುಂಗಭದ್ರಾ ಯುನೈಟೆಡ್' ಅಂತ ತಂಡ ಕಟ್ಟಿದಾಗ ನನ್ನನ್ನು ಮ್ಯಾನೇಜರ್ ಮಾಡಿದ. ಪ್ರತಿ ಬೇಸಿಗೆಗೂ ನಮ್ಮೂರಲ್ಲಿ ಗೋಲ್ಡ್ ಕಪ್ ನಡೆಯುತ್ತದೆ. ರಾಯಚೂರು, ಹೊಸಪೇಟೆ, ಗಡಿಯಾಚೆಯ ಅನಂತಪುರ, ಕರ್ನೂಲಿನವರೆಲ್ಲ ಬರುತ್ತಾರೆ. ನಮ್ಮ ಮೈದಾನ, ನಮ್ಮ ಜನ, ನಮ್ಮ ಬಿಸಿಲು, ಆದರೆ ಕಪ್ ಮಾತ್ರ ಪ್ರತಿ ಸಲವೂ ಬೇರೆಯವರ ಬಸ್ಸು ಹತ್ತಿ ಹೋಗುತ್ತಿತ್ತು. ಆ ಹೊಟ್ಟೆಕಿಚ್ಚಿಗೆ ಸಾಹುಕಾರ ಕೋಲ್ಕತ್ತದ ಏಜೆಂಟನಿಗೆ ಹೇಳಿ ಈ ಸ್ಟ್ರೈಕರನನ್ನು ಕರೆಸಿದ.

ಇವನನ್ನು ಎಲ್ಲಿ ಇಳಿಸುವುದು? ಲಾಡ್ಜಿನವನೊಬ್ಬ ಪಾಸ್‌ಪೋರ್ಟ್ ನೋಡಿದ, ಮುಖ ನೋಡಿದ, ರೂಮು ಖಾಲಿ ಇಲ್ಲ ಅಂದ. ಅವನ ಹಿಂದಿನ ಹಲಗೆಯಲ್ಲಿ ಬೀಗದ ಕೈಗಳು ಸಾಲಾಗಿ ತೂಗುತ್ತಿದ್ದವು. ನನಗೆ ಪಿತ್ತ ನೆತ್ತಿಗೇರಿತು. ಅವನಿಗೆ ನಾಲ್ಕು ಮಾತು ಬಿಗಿದು, ಇವನ ಚೀಲ ನನ್ನ ಸ್ಕೂಟರಿನ ಮುಂದಿಟ್ಟುಕೊಂಡು ಮನೆಗೇ ಕರೆತಂದೆ. ಮಹಡಿ ಮೇಲಿನ ಕೋಣೆ ಖಾಲಿ ಇತ್ತು. ಹೆಂಡತಿ ಏನಂತಾಳೋ ಎಂಬ ಅಳುಕು ಇಲ್ಲದಿರಲಿಲ್ಲ.

ಅವಳು ನೀರಿನ ಲೋಟ ಕೊಟ್ಟಳು. ಅವನು ಎಡಗೈಯಲ್ಲಿದ್ದ ಚೀಲ ಕೆಳಗಿಟ್ಟು ಬಲಗೈಯಲ್ಲೇ ತೆಗೆದುಕೊಂಡ. ಅಷ್ಟಕ್ಕೇ ಅವಳು ಒಲಿದುಬಿಟ್ಟಳು.

"ಹೆಸರೇನಪ್ಪಾ?"

"ಕೋಜೋ."

ಹಾಗಂದರೇನು ಅಂತ ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವರಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರಂತೆ. ಕೋಜೋ ಅಂದರೆ ಸೋಮವಾರ ಹುಟ್ಟಿದವನು. ಕೊಟ್ರಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದೆನೋ ಇಲ್ಲವೋ, ಅವಳು ತೀರ್ಪು ಕೊಟ್ಟೇಬಿಟ್ಟಳು.

"ಶಿವನ ವಾರ ಹುಟ್ಟ್ಯಾನ. ಹಂಗಾರ ನಮ್ಮ ಸೋಮಣ್ಣ ಅದಾನ."

ಅವತ್ತಿನಿಂದ ಅವನು ಸೋಮಣ್ಣ, ಅವಳು ಅವನಿಗೆ ಅವ್ವ. ನಮ್ಮದು ಲಿಂಗ ಕಟ್ಟಿದ ಮನೆ, ಅವನಿಗೋ ಕೋಳಿ ಮೀನು ಬೇಕು. ಅದಕ್ಕೂ ಅವಳೇ ದಾರಿ ಮಾಡಿದಳು. "ಹೊರಗ ತಿಂದು ಬಾರಪ್ಪಾ. ಏನ್ ತಿಂದಿ ಅಂತ ನಾ ಕೇಳಂಗಿಲ್ಲ, ನೀ ಹೇಳಬ್ಯಾಡ." ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ಹಾಕಿ ಚರ್ಚಿಗೆ ಹೋಗುತ್ತಿದ್ದ. ತಡವಾದರೆ ಇವಳೇ ಎಬ್ಬಿಸಿ ಕಳಿಸುತ್ತಿದ್ದಳು.

ಸಂಜೆ ಜಗಲಿಯ ಮೇಲೆ ಕೂತು ಅವನು ತನ್ನ ಕಥೆ ಹೇಳುತ್ತಿದ್ದ. ಒಂದಷ್ಟು ಇಂಗ್ಲಿಷು, ಒಂದಷ್ಟು ಕೊಟ್ರಮ್ಮ ಕಲಿಸಿದ ಕನ್ನಡ. ಊರು ಕೇಪ್ ಕೋಸ್ಟ್, ಕಡಲ ದಂಡೆ. ಅಪ್ಪ ದೋಣಿ ಹಾಕಿ ಮೀನು ಹಿಡಿಯುವವನು. ಮರಳಿನಲ್ಲಿ ಬರಿಗಾಲಲ್ಲಿ ಆಡಿ ಆಡಿ ಇವನ ಕಾಲು ಗಟ್ಟಿಯಾಯಿತು. ಮೊದಲು ರಾಜಧಾನಿಯ ಒಂದು ಸಣ್ಣ ಕ್ಲಬ್ಬು, ಆಮೇಲೆ ಅರ್ಮೇನಿಯಾ. ಅಲ್ಲಿ ಮೊದಲ ಸಲ ಹಿಮ ನೋಡಿ, ಮೈದಾನಕ್ಕೆ ಯಾರೋ ಸುಣ್ಣ ಸುರಿದಿದ್ದಾರೆ ಅಂದುಕೊಂಡನಂತೆ. ಅಲ್ಲಿಂದ ಢಾಕಾ, ಕೋಲ್ಕತ್ತ, ಆಮೇಲೆ ಮಲಪ್ಪುರಂನ ಏಳು ಜನರ ಫುಟ್‌ಬಾಲ್. ಅಡಿಕೆ ಮರದ ಗ್ಯಾಲರಿ ಮುರಿಯುವಷ್ಟು ಜನ ಸೇರುತ್ತಾರೆ, ಗೋಲು ಹೊಡೆದರೆ ಹೆಗಲ ಮೇಲೆ ಹೊರುತ್ತಾರೆ, ಹೊಡೆಯದಿದ್ದರೆ ಮರುದಿನ ಹೆಸರೂ ನೆನಪಿರುವುದಿಲ್ಲ ಅನ್ನುತ್ತಿದ್ದ. ಮೂರು ಫೈನಲ್ ಆಡಿದ್ದ, ಮೂರನ್ನೂ ಸೋತಿದ್ದ. ಊರಲ್ಲಿ ಹೆಂಡತಿ, ಎಸಿ ಅಂತ ಒಬ್ಬ ಮಗಳು.

"ನನ್ನ ಮಗಳಿಗೆ ಅಪ್ಪ ಅಂದ್ರ ಫೋನ್ ರೀ ಸರ್," ಅಂದ ಒಂದು ಸಲ. ನಕ್ಕೇ ಅಂದ. ನಮಗೆ ನಗು ಬರಲಿಲ್ಲ.

ಢಾಕಾದ ಸಂಗತಿ ಮಾತ್ರ ಅವನು ಇಂಗ್ಲಿಷಿನಲ್ಲೇ ಹೇಳಿದ, ಅದೂ ಅವ್ವ ಒಳಗೆ ಹೋದ ಮೇಲೆ. ಅಲ್ಲಿ ಒಮ್ಮೆ ಪಾದದ ಕೀಲು ಉಳುಕಿ, ಕೋಚಿನ ಹತ್ತಿರ ಹೋಗಿ ನೋಯುತ್ತಿದೆ ಅಂದನಂತೆ. ಕೋಚು ಹೆಗಲು ತಟ್ಟಿ ಮಲಗು ಅಂದ. ಬೆಳಿಗ್ಗೆ ಏಳುವಷ್ಟರಲ್ಲಿ ಇವನ ಚೀಲ ಬಾಗಿಲ ಹೊರಗಿತ್ತು. ಹೊಸ ಸ್ಟ್ರೈಕರ್ ಒಬ್ಬ ಮಂಚ ಖಾಲಿಯಾಗಲಿ ಅಂತ ಗೋಡೆಗೊರಗಿ ಕಾಯುತ್ತಿದ್ದ. ಅವನೂ ಪಾಪ ಎಲ್ಲಿಂದಲೋ ಬಂದವನೇ, ಇವನ ಮುಖ ನೋಡಲಿಲ್ಲವಂತೆ. "ಆವತ್ತಿನಿಂದ ನನ್ನ ಕಾಲು ನೋಯುವುದಿಲ್ಲ ಸರ್," ಅಂತ ಮಾತು ಮುಗಿಸಿದ.

ಆ ವರ್ಷ ಮಾತ್ರ ಅವನು ನಮ್ಮ ಮೈದಾನದಲ್ಲಿ ಗೋಲಿನ ಸುಗ್ಗಿಯನ್ನೇ ಮಾಡಿದ. ವಯಸ್ಸು ಮೂವತ್ತೈದು ದಾಟಿತ್ತು. ಹುಡುಗರಷ್ಟು ಓಡುತ್ತಿರಲಿಲ್ಲ, ಆದರೆ ಚೆಂಡು ಎಲ್ಲಿ ಬಂದು ಬೀಳುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. ಗೋಲಾದ ಮೇಲೆ ಎರಡೂ ಮೊಣಕಾಲು ಬಗ್ಗಿಸಿ ಒಂದು ಪುಟ್ಟ ಕುಣಿತ. ಕೊಳಗಲ್ಲಿನಿಂದ, ಸಿರಿಗೇರಿಯಿಂದ ಬೈಕುಗಳಲ್ಲಿ ಬಂದ ಜನ "ಸೋಮಣ್ಣಾ, ಸೋಮಣ್ಣಾ" ಅಂತ ಕೂಗುತ್ತಿದ್ದರು. ಅವನನ್ನು ಮನೆಯಲ್ಲಿಟ್ಟು ಸಾಕಿದ ಕೀರ್ತಿ ನನ್ನದು ಅಂತ ನಾನೂ ಬೀಗುತ್ತಿದ್ದೆ. ಕೊಟ್ರಮ್ಮ ಮನೆಯಲ್ಲೇ ಮೊಬೈಲಿನಲ್ಲಿ ಲೈವ್ ನೋಡಿ, ಅವನು ಬಂದ ತಕ್ಷಣ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು.

ಸೆಮಿಫೈನಲ್ಲಿನಲ್ಲಿ ಎದುರಾಳಿಯೊಬ್ಬ ಅಡ್ಡ ಬಿದ್ದು ಇವನ ಬಲ ಮೊಣಕಾಲು ತಿರುಚಿತು. ಬಿದ್ದ, ಎದ್ದ, ಎದ್ದವನೇ ಗೆಲುವಿನ ಗೋಲು ಹೊಡೆದ. ಮೈದಾನ ಹುಚ್ಚೆದ್ದು ಕುಣಿಯಿತು, ನಾನೂ ಕುಣಿದೆ. ಮನೆಗೆ ಬಂದರೆ ಕೊಟ್ರಮ್ಮನ ಮುಖ ಸಣ್ಣದಾಗಿತ್ತು.

"ಇವತ್ತು ಒಂದ ಕಾಲಾಗ ಕುಣಿದಾನ್ರಿ," ಅಂದಳು. ನಾವೆಲ್ಲ ಗೋಲು ನೋಡಿದ್ದೆವು, ಅವಳು ಕಾಲು ನೋಡಿದ್ದಳು.

ಮರುದಿನ ಅವಳಿಗೆ ಹೇಳದೆ ಅವನನ್ನು ಮೂಳೆ ಡಾಕ್ಟರ ಹತ್ತಿರ ಕರೆದೊಯ್ದೆ. ಒಳಗಿನ ನರ ಹರಿದು ಎಳೆಯಷ್ಟು ಉಳಿದಿದೆ ಅಂದರು. ಮೂರು ತಿಂಗಳು ಸುಮ್ಮನಿದ್ದರೆ ಕೂಡಿಕೊಳ್ಳುತ್ತದೆ, ಈಗ ಆಡಿ ಅದೂ ಹರಿದರೆ ಜೀವಮಾನವಿಡೀ ನಡೆಯಬಹುದು, ಓಡುವುದನ್ನು ಮರೆತುಬಿಡಬೇಕು. ಇವನಿಗೋ ತನ್ನ ಕೇಪ್ ಕೋಸ್ಟಿನ ಶಾಲೆಯೊಂದು ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಕೆಲಸ ಕೊಡುತ್ತೇನೆ ಅಂದಿತ್ತು. ಓಡಿ ತೋರಿಸಲಾಗದವನು ಏನು ಕಲಿಸುತ್ತಾನೆ? ಅದೂ ಹೋಗುತ್ತದೆ. ಆಸ್ಪತ್ರೆಯ ಮೆಟ್ಟಿಲಲ್ಲಿ ಅವನು ನನ್ನ ಕೈ ಹಿಡಿದುಕೊಂಡ. "ಸಾಹುಕಾರರಿಗೆ ಹೇಳಬೇಡಿ ಸರ್, ಅವ್ವನಿಗೂ ಹೇಳಬೇಡಿ. ಒಂದೇ ಒಂದು ಫೈನಲ್ ಗೆದ್ದು ಊರಿಗೆ ಹೋಗುತ್ತೇನೆ." ನಾನು ಆಗಲಿ ಅಂದೆ. ಕಪ್ ನನಗೂ ಬೇಕಿತ್ತು.

ಆದರೆ ಕುಂಟು ಮುಚ್ಚಿಡಲು ಬರುತ್ತದೆಯೇ? ಸಾಹುಕಾರನಿಗೆ ಸುದ್ದಿ ಹೋಗಿ, ಇಬ್ಬರನ್ನೂ ಸಿರುಗುಪ್ಪಕ್ಕೆ ಕರೆಸಿದ. ಗಿರಣಿಯ ಅಂಗಳದಲ್ಲಿ ಭತ್ತದ ಲಾರಿಗಳ ನಡುವೆ ಅವನ ಹೆಮ್ಮೆಯ ಎತ್ತಿನ ಜೋಡಿ ಕಟ್ಟಿತ್ತು. ಟ್ರ್ಯಾಕ್ಟರುಗಳಿದ್ದರೂ, ಮನೆತನದ ಗೌರವ ಅಂತ ಒಂದು ಜೋಡಿ ಇಟ್ಟುಕೊಂಡಿದ್ದ.

"ಹೆದರಬ್ಯಾಡ್ರಿ ಮೇಷ್ಟ್ರೇ," ಅಂದ. "ಬೆಂಗಳೂರಿಂದ ಡಾಕ್ಟರ್ ಬರಾಕತ್ತಾರ. ಆಟಕ್ಕ ಮುಂಚೆ ಒಂದು ಸೂಜಿ. ಆಟ ಮುಗಿಯೋ ತನಕ ಕಾಲು ಐತೋ ಇಲ್ಲೋ ಗೊತ್ತಾಗಂಗಿಲ್ಲ. ಏನಪ್ಪಾ ಸೋಮಣ್ಣ, ಆಡ್ತೀಯಲ್ಲ?"

"ಕಾಲು ಚೊಲೊ ಐತ್ರಿ ಬಾಸ್," ಅಂದ ಇವನು, ಒಂದು ಸಲ ಜಿಗಿದೂ ತೋರಿಸಿದ. ಇಳಿದಾಗ ಅವನ ದವಡೆ ಬಿಗಿದದ್ದು ನನಗೆ ಕಂಡಿತು. ಸಾಹುಕಾರ ಆಗಲೇ ಎತ್ತುಗಳ ಕಡೆ ತಿರುಗಿದ್ದ.

ಫೈನಲ್ ಭಾನುವಾರ ಇತ್ತು. ಮೈದಾನವನ್ನು ಯಾವುದೋ ಸಮಾವೇಶಕ್ಕೆ ಕೊಟ್ಟು ಆಟವನ್ನು ಸೋಮವಾರಕ್ಕೆ ಹಾಕಿದರು. ಆ ಭಾನುವಾರ ಮಧ್ಯಾಹ್ನ ಊಟಕ್ಕೆ ನೆಲಕ್ಕೆ ತಟ್ಟೆ ಹಾಕಿದರೆ ಇವನು ನಿಂತೇ ಉಣ್ಣುತ್ತೇನೆ ಅಂದ. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಕೊಟ್ರಮ್ಮ ಸೌಟು ಕೆಳಗಿಟ್ಟು ನನ್ನ ಕಡೆ ನೋಡಿದಳು. ಆ ನೋಟದ ಮುಂದೆ ನನ್ನ ಸೀಟಿ ಸಿಟ್ಟು ಯಾವುದೂ ನಡೆಯುವುದಿಲ್ಲ. ಎಲ್ಲ ಹೇಳಿಬಿಟ್ಟೆ.

"ನಾಳೆ ಸೋಮವಾರ," ಅಂದಳು. "ಬಾದನಹಟ್ಟಿಯಾಗ ನಮ್ಮಪ್ಪ ಎಂಥ ಹದ ಇದ್ರೂ ಸೋಮವಾರ ಎತ್ತು ಹೂಡ್ತಿರಲಿಲ್ಲ. ಬಸವಣ್ಣನ ವಾರ. ಇವನೋ ಅದ ವಾರ ಹುಟ್ಟಿದ ಮಗ. ನಾಳೆ ಇವನು ಆಡಂಗಿಲ್ಲ."

"ಫುಟ್‌ಬಾಲ್‌ನಾಗ ಸೋಮವಾರ ಮಂಗಳವಾರ ಅಂತ ಇರಂಗಿಲ್ಲ. ನಿನ್ನ ಪಂಚಾಂಗ ಅಡಿಗಿ ಮನ್ಯಾಗ ಇಟ್ಗಾ," ಅಂತ ನಾನು ಕಿರುಚಿದೆ.

ಸೋಮಣ್ಣನಿಗೂ ಬೇಸರವಾಗಿತ್ತು. "ಅವ್ವ, ನಾ ಎತ್ತು ಅಲ್ಲ," ಅಂದ.

ಅವಳು ಅವನ ಎದುರು ಹೋಗಿ ನಿಂತಳು. ಅವನ ಎದೆಯಷ್ಟು ಎತ್ತರಕ್ಕೂ ಬರುವುದಿಲ್ಲ ಅವಳು.

"ನೀ ಎತ್ತಲ್ಲ ಅಂತ ನನಗ ಗೊತ್ತಿಲ್ಲೇನು? ಎತ್ತಿಗೆ ಬಾಯಿಲ್ಲಪ್ಪಾ. ಇವತ್ತು ಆಗಂಗಿಲ್ಲ ಅಂತ ಹೇಳಾಕ ಬರಂಗಿಲ್ಲ. ಅದಕ್ಕ ಹಿರೇರು ದೇವರ ಹೆಸರು ಹೇಳಿ ಒಂದು ದಿನ ಬಿಡಿಸಿ ಇಟ್ರು. ನಿನಗ ದೇವರು ಬಾಯಿ ಕೊಟ್ಟಾನ. ನೀನ ಬಿಚ್ಚವಲ್ಲಿ."

ಆಮೇಲೆ ಅವನು, ತಮ್ಮೂರಲ್ಲೂ ಮಂಗಳವಾರ ಯಾರೂ ಕಡಲಿಗೆ ದೋಣಿ ಇಳಿಸುವುದಿಲ್ಲ ಅಂದ. ಕಡಲಿಗೂ ಒಂದು ದಿನ ಬಿಡುವು ಬೇಕಂತೆ. ಆ ದಿನ ಅಪ್ಪ ಬಲೆ ಹೊಲಿಯುತ್ತ ಕೂರುತ್ತಿದ್ದ, ತಾನು ಅವನ ಪಕ್ಕ ಕೂರುತ್ತಿದ್ದೆ ಅಂದ. ಹೇಳಿ ಮಹಡಿ ಹತ್ತಿ ಹೋದ, ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು.

ಸೋಮವಾರ ಬೆಳಿಗ್ಗೆ ಕೊಟ್ರಮ್ಮ ಬೇರೆಯೇ ರಾಗ ತೆಗೆದಳು. "ಆಟದ ದಿನ, ಕುರುಗೋಡಿಗೆ ಹೋಗಿ ದೊಡ್ಡಬಸವೇಶ್ವರಗ ಕಾಯಿ ಒಡಿಸ್ಕೊಂಡು ಬರೂಣು ಬರ್ರಿ." ಹೆಂಡತಿ ದಾರಿಗೆ ಬಂದಳು ಅಂತ ಹಿಗ್ಗಿ ನಾನು ಕ್ಲಬ್ಬಿನ ಹಳೆಯ ಓಮ್ನಿ ಹೊರಡಿಸಿದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡುತ್ತಿದ್ದವು, ಎತ್ತುಗಳು ಮಾತ್ರ ಬೇವಿನ ನೆರಳಲ್ಲಿ ಮೆಲುಕು ಹಾಕುತ್ತ ಮಲಗಿದ್ದವು. ಸೋಮಣ್ಣ ಕಿಟಕಿಯಿಂದ ಅವನ್ನೇ ನೋಡುತ್ತ ಬಂದ.

ಗುಡಿಯೊಳಗೆ ಕಾಲಿಟ್ಟಾಗ ನನಗೆ ಅವಳ ಹೂಟ ತಿಳಿಯಿತು. ಆಳೆತ್ತರ ಮೀರಿದ ಆ ಕಲ್ಲಿನ ಬಸವಣ್ಣನ ಮುಂದೆ, ಹಣೆಗೆ ವಿಭೂತಿ ಬಳಿದುಕೊಂಡು, ಕೈಮುಗಿದು ನಿಂತಿದ್ದವನು ನಮ್ಮ ಸಾಹುಕಾರ. ಕುರುಗೋಡು ಅವನ ಹುಟ್ಟೂರು. ಎಲ್ಲಿದ್ದರೂ ಸೋಮವಾರ ಬೆಳಿಗ್ಗೆ ಇಲ್ಲಿಗೆ ಬರುವುದನ್ನು ತಪ್ಪಿಸುವವನಲ್ಲ. ಕೊಟ್ರಮ್ಮನ ತವರು ಪಕ್ಕದ ಬಾದನಹಟ್ಟಿ, ಅವಳಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ.

"ಬಸಣ್ಣ," ಅಂದಳು. ತವರಿನ ಕಡೆಯವನು ಅಂತ ಅವಳು ಅವನನ್ನು ಸಾಹುಕಾರ ಅನ್ನುವುದಿಲ್ಲ. "ನಿನ್ನ ಎತ್ತು ಇವತ್ತು ಹೂಡಿಯೇನು?"

"ಸೋಮವಾರ ಯಾರು ಹೂಡ್ತಾರವ್ವ?"

"ಟ್ರ್ಯಾಕ್ಟರ್?"

"ಅದು ಓಡ್ತೈತಿ."

"ಗಿರಣಿ?"

"ಅದೂ ಓಡ್ತೈತಿ. ಯಾಕ?"

"ಅವೆಲ್ಲ ಓಡ್ತಾವು, ಎತ್ತಷ್ಟ ಯಾಕ ಬಿಟ್ಟಿ?"

"ಇದೇನು ಕೇಳ್ತೀಯವ್ವ? ಅದಕ್ಕ ಜೀವ ಐತಲ್ಲ!"

"ಇವನಿಗೆ?" ಅಂತ ಕೊಟ್ರಮ್ಮ ಸೋಮಣ್ಣನ ಕಡೆ ಕೈ ತೋರಿಸಿದಳು.

ಪೂಜಾರಿಯ ಗಂಟೆಯೂ ನಿಂತಿತು. ಸಾಹುಕಾರ ಬಸವಣ್ಣನನ್ನು ನೋಡಿದ, ನೆಲ ನೋಡಿದ, ಆಮೇಲೆ ನನ್ನನ್ನು ಕೆಕ್ಕರಿಸಿ ನೋಡಿದ. ನಾನೇ ಹೇಳಿಕೊಟ್ಟು ಕರೆತಂದಿದ್ದೇನೆ ಅಂದುಕೊಂಡಿರಬೇಕು. ಆಗ ನನಗೆ ಏನಾಯಿತೋ, ಡಾಕ್ಟರು ಹೇಳಿದ್ದನ್ನೆಲ್ಲ ಅಲ್ಲೇ ಒದರಿಬಿಟ್ಟೆ. ನರ, ಎಳೆ, ಮೂರು ತಿಂಗಳು, ಎಲ್ಲ.

ಸಾಹುಕಾರ ಸೋಮಣ್ಣನ ಹತ್ತಿರ ಹೋದ. "ಅವರು ಇವರು ಹೇಳೋದು ಬ್ಯಾಡ. ದೇವರ ಮುಂದ ನಿಂತೀಯ, ನೀನ ಹೇಳಪ್ಪಾ. ಆಡ್ತೀಯೋ?"

ಅವನು ಬಾಯಿ ತೆರೆದ, ಮುಚ್ಚಿದ. ಒಮ್ಮೆ ಬಾಗಿಲ ಕಡೆ ನೋಡಿದ. ಹೊಸ್ತಿಲಾಚೆ ತನ್ನ ಚೀಲ ಇದೆಯೇ ಅಂತ ನೋಡುತ್ತಿದ್ದಾನೆ ಅಂತ ನನಗೊಬ್ಬನಿಗೆ ಗೊತ್ತಾಯಿತು. ಕೊಟ್ರಮ್ಮ ಅವನ ಬಲಗೈ ಹಿಡಿದುಕೊಂಡು ನಿಂತಿದ್ದಳು, ಏನೂ ಹೇಳಿಕೊಡಲಿಲ್ಲ.

"ನೋಯಾಕತ್ತೈತ್ರಿ," ಅಂದ ಅವನು ಕಡೆಗೆ. "ಕಾಲು ಬಾಳ ನೋಯಾಕತ್ತೈತ್ರಿ." ಆಮೇಲೆ ಕಣ್ಣೊರೆಸಿಕೊಂಡು, ನಾನು ಕಲಿಸಿದ್ದ ಆ ಮಾತು ಮೊದಲ ಸಲ ಅಂದ. "ಸಾಕು."

ಸಾಹುಕಾರ ಕೈಯಲ್ಲಿದ್ದ ತೆಂಗಿನ ಹೋಳನ್ನು ಅವನ ಕೈಗಿಟ್ಟು, "ಕುಂದ್ರು ಹಂಗಾರ," ಅಂದ. "ಇಂಥ ಬಸವಣ್ಣನ ಕುಂತಾನ. ನೀನೂ ಕುಂದ್ರು."

ಸಂಜೆಯ ಆಟ ಸೋತೆವು. ಅದನ್ನು ಸುತ್ತಿಬಳಸಿ ಹೇಳಿ ಏನು ಪ್ರಯೋಜನ? ಅವನ ಜಾಗದಲ್ಲಿ ಇಳಿದ ಜಡೆಪ್ಪ ಒಂದು ಗೋಲು ಹೊಡೆದ, ಅನಂತಪುರದವರು ಎರಡು ಹೊಡೆದರು. ಸೋಮಣ್ಣ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಕನ್ನಡ, ಬಂಗಾಳಿ, ಮಲಯಾಳ ಎಲ್ಲ ಕಲಸಿ ಗಂಟಲು ಕಟ್ಟುವ ತನಕ ಕೂಗಿದ. ಕೊಟ್ರಮ್ಮ ಹುಟ್ಟಿದ ಮೇಲೆ ಮೊದಲ ಸಲ ಸ್ಟೇಡಿಯಮ್ಮಿಗೆ ಬಂದು ಅವನ ಪಕ್ಕ ಕೂತಿದ್ದಳು. ನಾಲ್ಕನೆಯ ಫೈನಲ್ಲೂ ಕೈ ತಪ್ಪಿದಾಗ ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನಾನೂ ಸೀಟಿ ಕಚ್ಚಿಕೊಂಡು ಅತ್ತೆ. ಸುಳ್ಳೇಕೆ ಹೇಳಲಿ, ಆ ಕಪ್ಪಿನ ಹೊಳಪು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವನು ಬಟ್ಟೆಬರೆ ಎಲ್ಲ ತುಂಬಿ, ಚೀಲ ಇಳಿಸಿಕೊಂಡು, ತಲಬಾಗಿಲ ಹತ್ತಿರ ನಿಂತಿದ್ದ. ಯಾರೂ ಹೊರಗೆ ಹಾಕುವ ಮೊದಲು ತಾನೇ ಹಾಕಿಕೊಳ್ಳುವುದು ಮೇಲು ಅನ್ನಿಸಿರಬೇಕು.

"ಎಲ್ಲಿಗೋ?" ಅಂದಳು ಕೊಟ್ರಮ್ಮ.

ಅವಳು ಚೀಲ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಅವಳಿಗೂ ಮೊಣಕಾಲು ನೋವು, ವರ್ಷಗಳಿಂದ ಆ ಮಹಡಿ ಹತ್ತಿದವಳಲ್ಲ. ನಾನು ಹೊರುತ್ತೇನೆ ಅಂದರೂ ಕೊಡಲಿಲ್ಲ. ನರಳುತ್ತ, ನನ್ನನ್ನೂ ಅವನನ್ನೂ ಫುಟ್‌ಬಾಲನ್ನೂ ಬೈಯುತ್ತ, ಮೆಟ್ಟಿಲು ಹತ್ತಿ ಚೀಲವನ್ನು ಮತ್ತೆ ಅವನ ಕೋಣೆಯಲ್ಲಿಟ್ಟು ಬಂದಳು.

ಮೂರು ತಿಂಗಳು ಇದ್ದ. ದಿನಾ ಬೆಳಿಗ್ಗೆ ಔಡಲೆಣ್ಣೆ ಬಿಸಿ ಮಾಡಿ ಕೊಡುತ್ತಿದ್ದಳು, ಡಾಕ್ಟರು ಹೇಳಿದ ವ್ಯಾಯಾಮವನ್ನು ನಾನು ಸೀಟಿ ಊದಿ ಮಾಡಿಸುತ್ತಿದ್ದೆ. ಸಾಹುಕಾರ ಹೇಳದೆ ಕೇಳದೆ ಅಕ್ಕಿ ಚೀಲ ಕಳಿಸುತ್ತಿದ್ದ. ಆಮೇಲೆ ಅವನು ಊರಿಗೆ ಹೋದ. ಬಸ್ ನಿಲ್ದಾಣದಲ್ಲಿ ನಾನು ಗಟ್ಟಿಯಾಗಿಯೇ ಇದ್ದೆ. ಮನೆಗೆ ಬಂದು ಆ ಖಾಲಿ ಕೋಣೆ ನೋಡಿದ ಮೇಲೆ ಮಾತ್ರ ಯಾರ ಮೇಲಾದರೂ ಸಿಟ್ಟು ಮಾಡಬೇಕು ಅನ್ನಿಸಿ, ಹಾಲಿನವನ ಮೇಲೆ ಹಾಯ್ದೆ.

ಈಗ ಪ್ರತಿ ಸೋಮವಾರ ಫೋನ್ ಮಾಡುತ್ತಾನೆ. ಅವನ ಶಾಲೆಯ ಮೈದಾನಕ್ಕೆ ಸೋಮವಾರ ರಜೆಯಂತೆ. ಮಂಗಳವಾರ ಅಪ್ಪನ ಕಡಲಿನ ಲೆಕ್ಕಕ್ಕೆ ರಜೆ, ಸೋಮವಾರ ಅವ್ವನ ಲೆಕ್ಕಕ್ಕೆ.

"ವಾರಕ್ಕ ಎರಡು ದಿನ ಕುಂದ್ರಿಸಿದ್ರ ಆ ಹುಡುಗ್ರು ಯಾವ ಫೈನಲ್ ಗೆಲ್ತಾವಲೇ?" ಅಂತ ನಾನು ಬೈಯುತ್ತೇನೆ. ಅವನು ನಗುತ್ತಾನೆ.

ಹೋದ ವಾರ ಒಂದು ವಿಡಿಯೊ ಕಳಿಸಿದ. ಕಡಲ ದಂಡೆಯ ಮೈದಾನ, ಮಕ್ಕಳ ಗದ್ದಲ. ಮಗಳು ಎಸಿ ಚೆಂಡು ಹಿಡಿದು ಓಡುತ್ತಾಳೆ, ಇವನು ಅವಳ ಹಿಂದೆ ಓಡುತ್ತಾನೆ. ಅಷ್ಟರಲ್ಲಿ ಇನ್ನೊಂದು ಮಗು ಆಟ ನಿಲ್ಲಿಸಿ, ಕೈ ಎತ್ತಿ, ಕಾಲು ತೋರಿಸಿ ಏನೋ ಹೇಳುತ್ತದೆ. ಇವನು ಓಡುವುದನ್ನು ಬಿಟ್ಟು ಅದರ ಹತ್ತಿರ ಬಂದು, ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಆ ಪುಟ್ಟ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೋಡುತ್ತಾನೆ.

ನಾನು ಹಿಂದಿನ ಕಡಲನ್ನು ನೋಡುತ್ತಿದ್ದೆ. ಕೊಟ್ರಮ್ಮ ಕನ್ನಡಕ ಸರಿಮಾಡಿಕೊಂಡು ಮೊಬೈಲನ್ನು ಕಣ್ಣಿನ ಹತ್ತಿರ ತಂದಳು.

"ಕುಂತ ನೋಡ್ರಿ," ಅಂದಳು. "ಮೊಣಕಾಲು ಪೂರ್ತಿ ಮಡಚಿ ಕುಂತ."